ಸಂಚರಿಸಿದ ಸ್ಥಾವರ

ಕಳೆದ ಶ್ರಾವಣಮಾಸದಲ್ಲಿ ಪ್ರವಚನದ ನಿಮಿತ್ತ ಬಾಗಲಕೋಟೆಗೆ ಹೋದಾಗ ನಾವು ನವನಗರದ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಆ ಮನೆಯ ಮೊಮ್ಮಗ ದುಬೈಯಲ್ಲಿ ಇಂಜಿನಿಯರ್. ರಜೆಯಲ್ಲಿ ಈಜಿಪ್ಟ್ ದೇಶವನ್ನು ನೋಡಿಬಂದಿದ್ದ. ಪಿರಮಿಡ್ಡುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ ಮೇಲೆ ಅಬು ಸಿಂಬೆಲ್ ಎಂಬ ದೇವಾಲಯದ ಚಿತ್ರವನ್ನು ತನ್ನ ಅಜ್ಜಿಯ ಮುಂದೆ ಹಿಡಿದು, “ಆಯಿ, ಇದನ್ನ ಕೊಯ್ದು ಮ್ಯಾಲೆ ಒಯ್ದು ಕಟ್ಯಾರ. ಕೆಳಗ ಡ್ಯಾಮಿನ ನೀರು ಬಂತು” ಎಂದ. ಎಂಬತ್ತು ದಾಟಿದ ಆ ತಾಯಿ ಚಿತ್ರವನ್ನು ಬಹಳ ಹೊತ್ತು ನೋಡಿ, “ಗುಡಿ ಉಳಿಸಿದ್ದು ಚಲೋ ಆತು. ಅಲ್ಲಿ ಮಂದೀನ ಎಲ್ಲಿ ಒಯ್ದ್ರು?” ಎಂದು ಕೇಳಿದರು.

ಮೊಮ್ಮಗನಿಗೆ ಗೊತ್ತಿರಲಿಲ್ಲ. ಅವನು ನಮ್ಮ ಮುಖ ನೋಡಿದ. ನಮಗೂ ಆ ಹೊತ್ತಿನಲ್ಲಿ ಗುಡಿಯ ಕಥೆಯಷ್ಟೇ ತಿಳಿದಿತ್ತೆಂಬುದನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತೇವೆ. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿದ್ದ ಮನೆಯ ಹೊಸ್ತಿಲನ್ನು ಕಿತ್ತು ತಂದು ನವನಗರದ ಸೆಕ್ಟರಿನ ಮನೆಗೆ ಜೋಡಿಸಿಕೊಂಡವರು ಆ ತಾಯಿ. ಅವರ ಪ್ರಶ್ನೆಗೆ ಅರ್ಧ ಉತ್ತರ ಕೊಡುವುದು ಸರಿಯಲ್ಲವೆಂದು ಊರಿಗೆ ಮರಳಿದ ಮೇಲೆ ಗ್ರಂಥಗಳನ್ನು ತಿರುವಿಹಾಕಿದೆವು. ಈ ತಿಂಗಳ ಲೇಖನ ಅದರ ಫಲ.

ಅಬು ಸಿಂಬೆಲ್ ಇರುವುದು ಈಜಿಪ್ಟಿನ ದಕ್ಷಿಣದ ಅಂಚಿನಲ್ಲಿ, ನೈಲ್ ನದಿಯ ಪಶ್ಚಿಮ ದಂಡೆಯ ಮೇಲೆ. ಪ್ರಾಚೀನರು ಈ ಸೀಮೆಯನ್ನು ನೂಬಿಯಾ ಎಂದು ಕರೆದರು. ಕ್ರಿ.ಪೂ. 13ನೆಯ ಶತಮಾನದಲ್ಲಿ ಎರಡನೆಯ ರಾಮ್ಸೆಸ್ ಎಂಬ ದೊರೆ ಇಲ್ಲಿನ ಮರಳುಗಲ್ಲಿನ ಬೆಟ್ಟವನ್ನೇ ಕೊರೆಸಿ ಎರಡು ದೇವಾಲಯಗಳನ್ನು ಮಾಡಿಸಿದನು. ನಮ್ಮ ಬಾದಾಮಿಯ ಮೇಣಬಸದಿಗಳನ್ನು ಕಂಡವರಿಗೆ ಇದರ ರೀತಿ ಸುಲಭವಾಗಿ ತಿಳಿಯುತ್ತದೆ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಲ್ಲ, ಇದ್ದ ಬೆಟ್ಟದಿಂದ ಬೇಡದ್ದನ್ನು ತೆಗೆದುಹಾಕಿ ಉಳಿಸಿಕೊಂಡದ್ದು. ದೊಡ್ಡ ಗುಡಿಯ ಮುಂಭಾಗದಲ್ಲಿ ಆ ದೊರೆಯದೇ ನಾಲ್ಕು ಕುಳಿತ ವಿಗ್ರಹಗಳು, ಒಂದೊಂದೂ ಸುಮಾರು 65 ಅಡಿ ಎತ್ತರ. ಎರಡನೆಯದರ ಮೇಲ್ಭಾಗ ಪುರಾತನ ಕಾಲದ ಭೂಕಂಪದಲ್ಲಿ ಮುರಿದುಬಿದ್ದು, ತಲೆ ಕಾಲಬುಡದಲ್ಲಿ ಹೊರಳಿದೆ. ಸನಿಹದ ಚಿಕ್ಕ ಗುಡಿ ಹಾಥೋರ್ ದೇವಿಯದು. ಅಲ್ಲಿ ರಾಣಿ ನೆಫೆರ್ತಾರಿಯ ವಿಗ್ರಹಗಳನ್ನು ರಾಜನಷ್ಟೇ ಎತ್ತರಕ್ಕೆ ಕಡೆದಿರುವುದು ಆ ನಾಡಿನ ಶಿಲ್ಪದಲ್ಲಿ ಅಪರೂಪ.

ದೊಡ್ಡ ಗುಡಿಯೊಳಗೆ ಸುಮಾರು 200 ಅಡಿ ಒಳಸರಿದರೆ ಗರ್ಭಗೃಹ. ಅಲ್ಲಿ ಪ್ತಾಹ್, ಅಮುನ್, ರಾ-ಹೊರಾಖ್ತಿ ಎಂಬ ಮೂವರು ದೇವರು; ಅವರ ಸಾಲಿನಲ್ಲೇ ಸ್ವತಃ ರಾಮ್ಸೆಸ್. ಬದುಕಿರುವಾಗಲೇ ತನ್ನನ್ನು ದೇವರ ಸಾಲಿನಲ್ಲಿ ಕೂರಿಸಿಕೊಂಡ ದೊರೆಯ ವಿನಯದ ಬಗೆಗೆ ನಾವು ಏನನ್ನೂ ಹೇಳಲಾರೆವು. ಆದರೆ ಅವನ ಸ್ಥಪತಿಗಳ ಲೆಕ್ಕಾಚಾರಕ್ಕೆ ಮಾತ್ರ ತಲೆಬಾಗಲೇಬೇಕು. ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಅಕ್ಟೋಬರ್ ತಿಂಗಳ 22ನೆಯ ತಾರೀಖಿನ ಸುಮಾರಿಗೆ, ಉದಯಸೂರ್ಯನ ಕಿರಣ ಅಷ್ಟೂ ದೂರ ಒಳಹೊಕ್ಕು ಮೂರು ಮೂರ್ತಿಗಳನ್ನು ಬೆಳಗುತ್ತದೆ. ಪಾತಾಳದ ಸಂಬಂಧವುಳ್ಳ ಪ್ತಾಹ್ ಮಾತ್ರ ಕತ್ತಲೆಯಲ್ಲೇ ಉಳಿಯುತ್ತಾನೆ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇವೆ: ಬಾಗಿಲ ಬಳಿಯ ವಿಗ್ರಹಪೀಠಗಳ ಮೇಲೆ ಹಗ್ಗದಿಂದ ಬಿಗಿದ ಸೆರೆಯಾಳುಗಳ ಸಾಲನ್ನು ಕೆತ್ತಲಾಗಿದೆ. ದಕ್ಷಿಣದ ಕಡೆಯಲ್ಲಿರುವವರು ಆಫ್ರಿಕದವರು, ನೂಬಿಯಾದ ಮಂದಿ.

ಕಾಲಾಂತರದಲ್ಲಿ ಮರಳು ಎಲ್ಲವನ್ನೂ ಮುಚ್ಚಿತು. 1813ರಲ್ಲಿ ಬುರ್ಕ್‌ಹಾರ್ಟ್ ಎಂಬ ಸ್ವಿಸ್ ಪ್ರವಾಸಿ ವಿಗ್ರಹಗಳ ಮೇಲ್ತುದಿಗಳನ್ನಷ್ಟೇ ಕಂಡನು. 1817ರಲ್ಲಿ ಬೆಲ್ಜೋನಿ ಎಂಬ ಇಟಲಿಯವನು ಮರಳು ತೋಡಿಸಿ ಒಳಹೊಕ್ಕನು.

ಇನ್ನು ನೀರಿನ ಕಥೆ. ನೈಲ್ ನದಿಗೆ ಅಸ್ವಾನಿನಲ್ಲಿ 1902ರಲ್ಲೇ ಒಂದು ಅಣೆಕಟ್ಟು ಮುಗಿದಿತ್ತು; ಅದನ್ನು ಎರಡು ಬಾರಿ ಎತ್ತರಿಸಿದರು. ಅದೂ ಸಾಲದೆ 1960ರ ಜನವರಿಯಲ್ಲಿ ಅಧ್ಯಕ್ಷ ನಾಸೆರ್ ಅವರ ಸರ್ಕಾರ ಹೊಸ ಮಹಾ ಅಣೆಕಟ್ಟಿನ ಕೆಲಸ ಆರಂಭಿಸಿತು. ಅದರ ಹಿಂದೆ ಸುಮಾರು 500 ಕಿಲೋಮೀಟರ್ ಉದ್ದದ ಸರೋವರ ನಿಲ್ಲುವುದಿತ್ತು. ಆ ಅಣೆಕಟ್ಟಿನ ಉಪಕಾರವನ್ನು ಅಲ್ಲಗಳೆಯಲಾಗದು. 1980ರ ದಶಕದ ಬರದಲ್ಲಿ ಇಥಿಯೋಪಿಯ ಹಸಿವಿನಿಂದ ನರಳಿದಾಗ ಈಜಿಪ್ಟ್ ಬದುಕಿದ್ದು ಅದೇ ನೀರಿನಿಂದ. ಆದರೆ ನೂಬಿಯಾ ಪೂರ್ತಿ ಮುಳುಗುವುದಿತ್ತು. 1960ರ ಮಾರ್ಚ್ 8ರಂದು ಯುನೆಸ್ಕೋ ಸಂಸ್ಥೆ ಲೋಕಕ್ಕೆ ಮೊರೆಯಿಟ್ಟಿತು: ಈ ಸ್ಮಾರಕಗಳು ಒಂದು ದೇಶದ ಸ್ವತ್ತಲ್ಲ, ಎಲ್ಲರೂ ಕೈಜೋಡಿಸಿ ಉಳಿಸಬೇಕು. ಒಂದು ರಾಷ್ಟ್ರದ ಗುಡಿಗಾಗಿ ಐವತ್ತರಷ್ಟು ರಾಷ್ಟ್ರಗಳು ಹಣ ಕೂಡಿಸಿದ್ದು ಅದಕ್ಕೆ ಮೊದಲು ನಡೆದಿರಲಿಲ್ಲ.

ಉಪಾಯಗಳು ಹಲವು ಬಂದವು. ಫ್ರೆಂಚರು ಗುಡಿಯನ್ನು ಇದ್ದಲ್ಲೇ ಬಿಟ್ಟು ಅದರ ಮುಂದೆ ಗೋಡೆಯಂತಹ ಒಡ್ಡನ್ನು ಕಟ್ಟಿ ನೀರನ್ನು ತಡೆಯೋಣವೆಂದರು. ಇಟಲಿಯವರು ಇಡೀ ಗುಡಿಯನ್ನು ಬೆಟ್ಟದಿಂದ ಬಿಡಿಸಿ, ಎರಡೂವರೆ ಲಕ್ಷ ಟನ್ನಿನ ಆ ಒಂದೇ ಬಂಡೆಯನ್ನು ಜಾಕ್ ಕೊಟ್ಟು ಮೇಲೆತ್ತೋಣವೆಂದರು. ಬ್ರಿಟನ್ನಿನಿಂದ ಬಂದ ಸಲಹೆ ಇನ್ನೂ ವಿಚಿತ್ರ: ತಿಳಿನೀರಿನಲ್ಲಿ ಮುಳುಗಿರಲಿ, ಜನ ನೀರೊಳಗಿನ ಕೊಠಡಿಗಳಿಂದ ನೋಡಲಿ ಎಂಬುದು. ಇವುಗಳಲ್ಲಿ ಮೊದಲನೆಯ ಬಗೆ ನಮ್ಮ ಓದುಗರಿಗೆ ಹೊಸತಲ್ಲ. ಕೂಡಲಸಂಗಮದಲ್ಲಿ ನಾರಾಯಣಪುರದ ಬಸವಸಾಗರದ ಹಿನ್ನೀರು ಏರಿದಾಗ ಅಣ್ಣನವರ ಐಕ್ಯಸ್ಥಳವನ್ನು ಕದಲಿಸದೆ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದರು. ನಾವೆಲ್ಲರೂ ನೀರಿನ ನಡುವೆ ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ. ಅದೇ ಕೃಷ್ಣೆಯ ಕೆಳಪಾತಳಿಯಲ್ಲಿ ಶ್ರೀಶೈಲದ ಜಲಾಶಯ ಬಂದಾಗ ಚಾಲುಕ್ಯರ ಕಾಲದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಕಟ್ಟಿದ ಗುಡಿಯನ್ನು ಬಿಚ್ಚಬಹುದು. ಕೊರೆದ ಗುಡಿಯನ್ನು ಬಿಚ್ಚುವುದು ಹೇಗೆ?

ಕೊನೆಗೆ ಒಪ್ಪಿಗೆಯಾದದ್ದು ಸ್ವೀಡನ್ನಿನ ತಜ್ಞರ ಯೋಜನೆ: ಕೊಯ್ದು ಸಾಗಿಸುವುದು. 1964ರಲ್ಲಿ ಕೆಲಸ ಆರಂಭವಾಯಿತು. ಏರುತ್ತಿದ್ದ ನದಿಯನ್ನು ತಡೆಯಲು ಮೊದಲು ಒಂದು ತಾತ್ಕಾಲಿಕ ಒಡ್ಡು. ಆಮೇಲೆ ವಿಗ್ರಹಗಳ ಮುಖವನ್ನು ಮತ್ತೆ ಮರಳಿನಲ್ಲಿ ಹೂತರು. ಬೆಲ್ಜೋನಿ ಅಷ್ಟು ಕಷ್ಟದಿಂದ ತೆಗೆಸಿದ ಮರಳನ್ನೇ ಈಗ ಕಾವಲಿಗೆ ತಂದು ಸುರಿದದ್ದು! ಮೇಲಿನ ಬೆಟ್ಟವನ್ನು ಒಡೆಯುವಾಗ ಚೂರುಗಳು ಬಿದ್ದು ಮುಖ ಕೆಡಬಾರದೆಂಬ ಎಚ್ಚರ ಅದು. ಮದ್ದಿಟ್ಟು ಸಿಡಿಸುವಂತಿರಲಿಲ್ಲ, ಕಲ್ಲು ಮೊದಲೇ ಮೆದು. ಬೆಟ್ಟವನ್ನು ತೆಗೆದ ಮೇಲೆ ಸಡಿಲ ಭಾಗಗಳಿಗೆ ರಾಳ ತುಂಬಿ ಗಟ್ಟಿಮಾಡಿಕೊಂಡು, ಕಣ್ಣಿಗೆ ಕಾಣುವ ಮೈಯನ್ನು ಕೈಗರಗಸದಿಂದಲೂ ಹಿಂಬದಿಯನ್ನು ಯಂತ್ರದಿಂದಲೂ ಕೊಯ್ದರು. ಇಟಲಿಯ ಕರಾರಾದ ಅಮೃತಶಿಲೆಯ ಗಣಿಗಳಲ್ಲಿ ಪಳಗಿದ ಕಲ್ಲುಕುಟಿಗರೂ ಅಲ್ಲಿದ್ದರು. ಕಾಣುವ ಕಡೆ ಗರಗಸದ ಗೆರೆ ಕೆಲವೇ ಮಿಲಿಮೀಟರ್ ಅಗಲವಿರಬೇಕೆಂಬ ಕಟ್ಟುನಿಟ್ಟು. 1965ರ ಅಕ್ಟೋಬರಿನಲ್ಲಿ ರಾಜನ ಮುಖವೊಂದು ದೇಹದಿಂದ ಬೇರ್ಪಟ್ಟು ಕ್ರೇನಿನಲ್ಲಿ ತೂಗುತ್ತ ಏರಿದ ಛಾಯಾಚಿತ್ರವನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು.

ಹೀಗೆ ಸಾವಿರಕ್ಕೂ ಮಿಕ್ಕ ತುಂಡುಗಳು, ಕೆಲವು ಇಪ್ಪತ್ತು ಟನ್ನಿಗೂ ಹೆಚ್ಚಿನವು. ಅವನ್ನೆಲ್ಲ 65 ಮೀಟರ್ ಮೇಲಕ್ಕೆ, ಸುಮಾರು 200 ಮೀಟರ್ ಹಿಂದಕ್ಕೆ ಒಯ್ದು ಮೊದಲಿನಂತೆಯೇ ಜೋಡಿಸಿ, ಮೇಲೆ ಕಾಂಕ್ರೀಟಿನ ಗುಮ್ಮಟ ಕಟ್ಟಿ, ಅದರ ಮೇಲೆ ಬೆಟ್ಟವನ್ನೂ ಒಟ್ಟಿದರು. ದಿಕ್ಕು ತಪ್ಪದಂತೆ ನೋಡಿಕೊಂಡದ್ದರಿಂದ ಸೂರ್ಯ ಇಂದಿಗೂ ಗರ್ಭಗೃಹವನ್ನು ಹೊಗುತ್ತಾನೆ. ನಮಗೆ ಅತ್ಯಂತ ಹಿಡಿಸಿದ ಸಂಗತಿಯೆಂದರೆ, ಮುರಿದುಬಿದ್ದ ಆ ಎರಡನೆಯ ವಿಗ್ರಹದ ತಲೆಯನ್ನು ಅವರು ಮೇಲೆ ಕೂರಿಸಲಿಲ್ಲ. ಬಿದ್ದಿದ್ದ ಜಾಗದಲ್ಲೇ, ಬಿದ್ದಿದ್ದ ಭಂಗಿಯಲ್ಲೇ ಇಟ್ಟರು. 1968ರ ಸೆಪ್ಟೆಂಬರ್ 22ರಂದು ಕಾರ್ಯ ಸಮರ್ಪಣೆಯಾಯಿತು. ವೆಚ್ಚ ಸುಮಾರು 4 ಕೋಟಿ ಡಾಲರ್.

ಉಳಿದ ಗುಡಿಗಳಲ್ಲಿ ಅಮಾದಾ ದೇವಾಲಯವನ್ನು ಫ್ರೆಂಚರು ಕೊಯ್ಯದೆ, ಹಳಿಗಳ ಮೇಲೆ ಇಡಿಯಾಗಿ ಎರಡೂವರೆ ಕಿಲೋಮೀಟರಿನಷ್ಟು ದೂರ ಸರಿಸಿದರು. ನೆರವಿಗೆ ಕೃತಜ್ಞತೆಯೆಂದು ಕೆಲವು ಚಿಕ್ಕ ಗುಡಿಗಳನ್ನು ಈಜಿಪ್ಟ್ ದಾನವಾಗಿಯೇ ಕೊಟ್ಟಿತು; ಒಂದು ಈಗ ಮ್ಯಾಡ್ರಿಡ್ಡಿನ ಉದ್ಯಾನದಲ್ಲಿದೆ, ಒಂದು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದೊಳಗಿದೆ. ನಮ್ಮ ಭಾರತವೂ ಸುಮ್ಮನಿರಲಿಲ್ಲ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಂಡವೊಂದು ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ 1961-62ರಲ್ಲಿ ನೂಬಿಯಾಕ್ಕೆ ಹೋಗಿ, ಮುಳುಗಲಿದ್ದ ನೆಲದಲ್ಲಿ ಉತ್ಖನನ ನಡೆಸಿತು.

ಇನ್ನು ಆ ತಾಯಿಯ ಪ್ರಶ್ನೆ. ಅಲ್ಲಿಯ ಜನ ಎಲ್ಲಿ ಹೋದರು?

ನೂಬಿಯನ್ನರು ನದಿಯ ದಂಡೆಗಂಟಿಕೊಂಡು ಖರ್ಜೂರದ ತೋಪುಗಳ ನಡುವೆ ಬಾಳಿದವರು. ತಮ್ಮದೇ ನುಡಿ, ತಮ್ಮದೇ ಹಾಡು. ಮಣ್ಣಿನ ಮನೆಗಳ ಗೋಡೆಗೆ ಹೆಂಗಸರು ಚಿತ್ತಾರ ಬಿಡಿಸಿ ಪಿಂಗಾಣಿ ತಟ್ಟೆಗಳನ್ನು ಒತ್ತಿ ಕೂರಿಸುತ್ತಿದ್ದರು. ಹಳೆಯ ಅಣೆಕಟ್ಟು ಏರಿದಾಗಲೆಲ್ಲ ಮನೆಗಳನ್ನು ದಿಬ್ಬದ ಮೇಲೆ ಇನ್ನಷ್ಟು ಎತ್ತರಕ್ಕೆ ಕಟ್ಟಿಕೊಂಡರು. ಹೊಲ ಮುಳುಗಿದ್ದರಿಂದ ಗಂಡಸರು ಕೈರೋ ನಗರದಲ್ಲಿ ಅಡುಗೆಯವರಾಗಿ, ಬಾಗಿಲು ಕಾಯುವವರಾಗಿ ದುಡಿದು ಹಣ ಕಳುಹಿಸಿದರು. ಈ ಸಲ ಏರಲು ದಿಬ್ಬವೇ ಉಳಿಯಲಿಲ್ಲ. 1963ರ ಅಕ್ಟೋಬರಿನಿಂದ 1964ರ ಜೂನ್ ತಿಂಗಳೊಳಗೆ ಈಜಿಪ್ಟಿನ ಕಡೆಯ ಸುಮಾರು 50 ಸಾವಿರ ಜನರನ್ನು ಉತ್ತರದ ಕೋಮ್ ಓಂಬೋ ಬಯಲಿಗೆ ಸಾಗಿಸಿದರು. ಹಳೆಯ ಊರುಗಳ ಹೆಸರುಗಳನ್ನೇ ಹೊಸ ಊರುಗಳಿಗಿಟ್ಟರು. ಆದರೆ ಮನೆಗಳು ಒಂದೇ ಅಚ್ಚಿನ ಸಾಲುಗಳು, ಬಾಗಿಲು ತೆರೆದರೆ ನದಿ ಕಾಣದು. ಗುಡಿಯ ಕಲ್ಲನ್ನು ಅಂಗುಲ ತಪ್ಪದಂತೆ ಜೋಡಿಸಿದ ಕಾಲವೇ ಇದು.

ಗಡಿಯಾಚೆ ಸುಡಾನಿನ ವಾದಿ ಹಲ್ಫಾ ಪಟ್ಟಣವೂ ಮುಳುಗಿತು. ಅಲ್ಲಿಯ ಅಧಿಕಾರಿಯಾಗಿದ್ದ ಹಸನ್ ದಫಲ್ಲಾ ಜನರನ್ನು ಎಬ್ಬಿಸುವ ಕೆಲಸವನ್ನು ತಾವೇ ಮಾಡಬೇಕಾಯಿತು. ಮುಂದೆ ಅದನ್ನೆಲ್ಲ ಒಂದು ಗ್ರಂಥವಾಗಿ ಬರೆದಿಟ್ಟರು. 1964ರ ಜನವರಿ 6ರಂದು ಮೊದಲ ರೈಲು ಹೊರಟಿತು. ಹೊರಡುವ ಮುನ್ನ ಜನ ತಮ್ಮ ಹಿರಿಯರ ಸಮಾಧಿಗಳಿಗೆ ಹೋಗಿ ಬೀಳ್ಕೊಂಡರು. ಮುಟ್ಟಿದ ಊರು ನೂರಾರು ಮೈಲು ದೂರದ ಖಷ್ಮ್ ಅಲ್ ಗಿರ್ಬಾ. ಮಳೆಯನ್ನೇ ಅರಿಯದ ಜನಕ್ಕೆ ಮಳೆಯ ಸೀಮೆ. ಕೆಲವರು ಹಟಹಿಡಿದು ರೈಲು ಹತ್ತಲಿಲ್ಲ. ನೀರು ಏರಿದಂತೆಲ್ಲ ಹಿಂದೆ ಸರಿಯುತ್ತ ಹಲ್ಫಾದ ದಂಡೆಯಲ್ಲೇ ಉಳಿದರು.

ಈಜಿಪ್ಟಿನಲ್ಲಿಯೂ ಕೆಲವು ಕುಟುಂಬಗಳು 1970ರ ದಶಕದಿಂದೀಚೆಗೆ ಸರೋವರದ ದಡಕ್ಕೆ ಮರಳಿ, ಗುಡಿಯ ಸನಿಹದಲ್ಲೇ ಮನೆ ಹೂಡಿದವು. 2014ರ ಸಂವಿಧಾನದ 236ನೆಯ ವಿಧಿ ನೂಬಿಯನ್ನರನ್ನು ಹತ್ತು ವರ್ಷದೊಳಗೆ ಅವರ ಮೂಲ ನೆಲೆಗಳಿಗೆ ಮರಳಿಸುವ ಮಾತು ಕೊಟ್ಟಿತು. ಆ ಹತ್ತು ವರ್ಷಗಳು 2024ಕ್ಕೆ ಸಂದವು.

ನವನಗರದ ಆ ಮನೆಗೆ ನಮ್ಮ ಪತ್ರಿಕೆ ತಪ್ಪದೆ ತಲುಪುತ್ತದೆ. ಮೊಮ್ಮಗ ದುಬೈಗೆ ಮರಳಿರುವನಾದ್ದರಿಂದ, ಆಯಿಯ ಕಣ್ಣು ಮಂಜಾಗಿರುವುದರಿಂದ, ಸೊಸೆಯಂದಿರಲ್ಲಿ ಯಾರಾದರೂ ಇದನ್ನು ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.