ಬೆಳ್ಳಿಯ ನೀರು

ಹಸುಗೂಸಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲೂಡಿಸಿದ ಮನೆಗಳಲ್ಲಿ ಆ ಲೋಹದ ಮೇಲೆ ಭಕ್ತಿಯಿರುವುದು ಸಹಜವೇ. ಎರಡು ಅಪ್ಪಟ ಬೆಳ್ಳಿಯ ತಂತಿ, 9 ವೋಲ್ಟಿನ ಮೂರು ಬ್ಯಾಟರಿ, ಒಂದು ಪಾತ್ರೆ ನೀರು. ಇಷ್ಟಿದ್ದರೆ ಸಕಲ ರೋಗಹರವಾದ ‘ಕಲಿಲ ಬೆಳ್ಳಿ’ ಮನೆಯಲ್ಲಿಯೇ ಸಿದ್ಧವೆಂದು ಹೇಳುವವರೂ ಇದ್ದಾರೆ. ಏನೋ ಒಂದು ಸಿದ್ಧವಾಗುವುದು ನಿಜ. ಅದು ಏನು, ಎಷ್ಟು?

ಮೊದಲ ತೊಡಕು ನೀರಿನದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಯಲ್ಲಿ ಬಂಡೆಯ ಸಂದುಗಳಿಂದ ಮೇಲೇರುವ ನೀರಿನಲ್ಲಿ ಲವಣಗಳುಂಟು. ಅನೇಕ ಕಡೆ ಫ್ಲೋರೈಡೂ ಉಂಟು. ಅಂಥ ನೀರಿಗೆ ತಂತಿಯಿಳಿಸಿದರೆ, ಹೊರಟ ಬೆಳ್ಳಿಯು ಕ್ಲೋರೈಡಿನೊಡನೆ ಕೂಡಿ ಹಾಲಿನಂತೆ ಬಿಳುಪೇರುತ್ತದೆ. ಬಿಸಿಲು ತಾಗಿದರೆ ಕಪ್ಪಿಡುತ್ತದೆ. ಅದು ಬೆಳ್ಳಿಯ ಕ್ಲೋರೈಡು, ಕಲಿಲವಲ್ಲ. ಕಲಿಲಕ್ಕೆ ಭಟ್ಟಿಯಿಳಿಸಿದ ನೀರೇ ಆಗಬೇಕು.

ಇನ್ನು ಅಳತೆ. 1 ಆಂಪಿಯರ್ ಪ್ರವಾಹ 1 ಸೆಕೆಂಡು ಹರಿದರೆ 1.118 ಮಿಲಿಗ್ರಾಂ ಬೆಳ್ಳಿ ತಂತಿಯನ್ನು ಬಿಡುತ್ತದೆ. ಒಂದು ಕಾಲಕ್ಕೆ ಆಂಪಿಯರಿನ ವ್ಯಾಖ್ಯೆಯೇ ಈ ಬೆಳ್ಳಿಯ ತೂಕವಾಗಿತ್ತು! ಆ ಲೆಕ್ಕದಲ್ಲಿ 1 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ. ಆದರೆ ಇದು ಗರಿಷ್ಠ ಮಿತಿ ಮಾತ್ರ; ಒಂದು ಪಾಲು ಎದುರಿನ ತಂತಿಗೆ ಮೆತ್ತುತ್ತದೆ, ಒಂದು ಪಾಲು ತಳಕ್ಕಿಳಿಯುತ್ತದೆ. ನೀರಿನ ಲವಣವನ್ನಳೆಯುವ ಟಿ.ಡಿ.ಎಸ್. ಮೀಟರನ್ನು ಅದ್ದಿ ಅಂಕಿಯನ್ನೋದುವವರಿಗೂ ಸತ್ಯ ಸಿಕ್ಕದು. ಆ ಉಪಕರಣ ಬಲ್ಲದ್ದು ನೀರಿನ ವಿದ್ಯುದ್ವಾಹಕತೆಯನ್ನು. ಬೆಳ್ಳಿಯ ಅಯಾನು ಅದಕ್ಕೆ ತಿಳಿಯುತ್ತದೆ, ಕಣ ತಿಳಿಯದು. ಲೇಸರ್ ಕಿರಣ ಕಣವನ್ನು ತೋರಿಸುತ್ತದೆ, ತೂಕವನ್ನು ಹೇಳದು. ನಿಜವಾದ ಅಳತೆಗೆ ಪ್ರಯೋಗಶಾಲೆಯ ಪರಮಾಣು ಹೀರಿಕೆಯ ಉಪಕರಣದಂಥದೇ ಬೇಕು.

ಅಳತೆ ತಪ್ಪಿದರೇನು ಎನ್ನುವಂತಿಲ್ಲ. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ಮೀರಕೂಡದೆಂದು ಭಾರತೀಯ ಮಾನಕವಿದೆ. ಮೇಲಿನ 4 ಮಿಲಿಗ್ರಾಂ ಒಂದು ಲೀಟರಿನಲ್ಲಿ ಉಳಿದರೆ ಅದರ ನಲವತ್ತು ಪಾಲಾಯಿತು. ಅಮೆರಿಕದ ಮೊಂಟಾನ ರಾಜ್ಯದ ರಾಜಕಾರಣಿ ಸ್ಟ್ಯಾನ್ ಜೋನ್ಸ್, 2000ನೆಯ ಇಸವಿಯಲ್ಲಿ ಔಷಧಗಳೇ ಸಿಕ್ಕಲಾರವೆಂದು ಅಂಜಿ, 1999ರಿಂದ ಮನೆಯಲ್ಲಿ ಮಾಡಿದ ಇಂಥ ನೀರನ್ನು ಕುಡಿದರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮುಖ ನೀಲಿಗೂಡಿದ ಬೂದಿಬಣ್ಣಕ್ಕೆ ತಿರುಗಿತ್ತು. ಆರ್ಜೀರಿಯ ಎಂಬ ಈ ಬಣ್ಣ ಒಮ್ಮೆ ಚರ್ಮಕ್ಕಿಳಿದರೆ ತಾನಾಗಿ ಹೋಗುವಂಥದಲ್ಲ. ಕುಡಿದರೆ ಯಾವ ರೋಗವನ್ನಾದರೂ ಕಲಿಲ ಬೆಳ್ಳಿ ವಾಸಿಮಾಡಿತೆಂಬುದಕ್ಕೆ ಪ್ರಮಾಣವೂ ಇಲ್ಲ.

ಕೋಲಾರದ ಕಡೆಯ ಗೃಹಿಣಿಯರಿಗೆ ಚಿಂತೆ ಮಕ್ಕಳ ಹಲ್ಲಿನ ಕಂದು ಕಲೆಯದು. ಅದು ಫ್ಲೋರೈಡಿನ ಕೆಲಸ; ಅದನ್ನು ನೀರಿನಿಂದ ತೆಗೆಯುವುದು ಸಕ್ರಿಯ ಅಲ್ಯೂಮಿನ, ಇಲ್ಲವೆ ಆರ್.ಒ. ಪೊರೆ. ಬೆಳ್ಳಿ ಅದನ್ನು ಮುಟ್ಟುವುದೂ ಇಲ್ಲ.