ಶಸ್ತ್ರ ಸುಟ್ಟವರ ವಾರಸುದಾರರು

ಅಲ್ಪಸಂಖ್ಯೆಯ ಜನರು ತಮ್ಮ ಧರ್ಮವನ್ನು ಹೇಗೆ ಉಳಿಸಿಕೊಳ್ಳಬಲ್ಲರು, ಹೇಗೆ ಕಳೆದುಕೊಳ್ಳಬಲ್ಲರು ಎಂಬುದನ್ನು ತಿಳಿಯಬಯಸುವವರು ರಶಿಯಾದಿಂದ ಕೆನಡಾ ದೇಶಕ್ಕೆ ಹೋಗಿ ನೆಲೆಸಿದ ದುಖೋಬೋರರ ಚರಿತ್ರೆಯನ್ನು ಅವಶ್ಯವಾಗಿ ಮನನಮಾಡತಕ್ಕದ್ದು. ಈ ಹೆಸರೇ ಒಂದು ಪಾಠವಾಗಿದೆ. ಪವಿತ್ರಾತ್ಮನ ವಿರುದ್ಧ ಕಾದುವವರೆಂದು ಹೀಯಾಳಿಸುವುದಕ್ಕಾಗಿ 1785ರಲ್ಲಿ ರಶಿಯಾದ ಕ್ರೈಸ್ತ ಧರ್ಮಾಧ್ಯಕ್ಷನೊಬ್ಬನು ಅದನ್ನು ಇಟ್ಟನು. ಆತ್ಮಬಲದಿಂದಲೇ ಕಾದುವವರೆಂದು ಅದಕ್ಕೆ ಅರ್ಥಮಾಡಿಕೊಂಡು ಆ ರೈತಜನರು ಬೈಗಳನ್ನೇ ಬಿರುದಾಗಿ ಧರಿಸಿದರು. ಪುರೋಹಿತರೂ ಪಟಗಳೂ ಅವರಿಗೆ ಬೇಡವಾದವು. ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೇವರಿದ್ದಾನೆ, ಆದುದರಿಂದ ನರಹತ್ಯೆಯು ದೇವರ ಮೇಲೆ ಕೈಯೆತ್ತಿದಂತೆಯೇ ಸರಿ ಎಂಬುದು ಅವರ ಸಿದ್ಧಾಂತದ ಸಾರವು.

ಈ ಸಿದ್ಧಾಂತವು ಬರಿಯ ಬಾಯಿಮಾತಾಗಿರಲಿಲ್ಲ. 1895ರಲ್ಲಿ, ಸೈಬೀರಿಯಾದ ಗಡೀಪಾರಿನಲ್ಲಿದ್ದ ತಮ್ಮ ನಾಯಕ ಪೀಟರ್ ವೆರಿಗಿನನ ಉಪದೇಶದಂತೆ, ಕಾಕಸಸ್ ಪರ್ವತಗಳಾಚೆಯ ಹಳ್ಳಿಗಳಲ್ಲಿ ಅವರು ತಮ್ಮ ಬಂದೂಕು ಕತ್ತಿಗಳನ್ನೆಲ್ಲ ರಾಶಿಹಾಕಿ ಬೆಂಕಿಯಿಟ್ಟರು. ಚಕ್ರವರ್ತಿಯ ಕೊಸಾಕ್ ಸವಾರರು ಬಂದು ಚಾವಟಿಗಳಿಂದ ಥಳಿಸಿದರು. ಸಾವಿರಾರು ಜನರನ್ನು ಮನೆಬಿಡಿಸಿ ಚದರಿಸಲಾಯಿತು. ಅನೇಕರು ರೋಗರುಜಿನಗಳಿಗೆ ತುತ್ತಾದರು. ಮಹರ್ಷಿ ಟಾಲ್‌ಸ್ಟಾಯರು ಇವರ ಪಕ್ಷವನ್ನು ವಹಿಸಿ, ತಮ್ಮ 'ಪುನರುತ್ಥಾನ'ವೆಂಬ ಕಾದಂಬರಿಯ ಆದಾಯವನ್ನು ಇವರ ಪ್ರಯಾಣಕ್ಕೆಂದು ಮೀಸಲಿಟ್ಟರು. ಕ್ವೇಕರ ಪಂಥದವರೂ ನೆರವಾದರು. 1899ರಲ್ಲಿ ಸುಮಾರು 7,500 ಜನರು ಹಡಗುಗಳನ್ನೇರಿ ಕೆನಡಾ ಮುಟ್ಟಿದರು.

ಅಲ್ಲಿ ಸೈನ್ಯದ ಚಾಕರಿಯಿಂದ ಅವರಿಗೆ ವಿನಾಯಿತಿಯೇನೋ ದೊರೆಯಿತು. ಆದರೆ ಬೇರೆ ಪರೀಕ್ಷೆಗಳು ಕಾದಿದ್ದವು. ಭೂಮಿಯನ್ನು ಒಬ್ಬೊಬ್ಬನ ಹೆಸರಿಗೆ ಬರೆಯಿಸಿಕೊಂಡು ರಾಜನಿಷ್ಠೆಯ ಪ್ರಮಾಣ ಮಾಡಬೇಕೆಂದು ಸರಕಾರವು ಪಟ್ಟು ಹಿಡಿಯಿತು. ದೇವರಿಗಲ್ಲದೆ ಇನ್ನಾರಿಗೂ ಪ್ರಮಾಣ ಮಾಡೆವೆಂದವರು, ತಾವೇ ಉತ್ತು ಹಸನುಮಾಡಿದ ಹೊಲಗಳನ್ನು 1907ರಲ್ಲಿ ಕಳೆದುಕೊಂಡರು. ಬಹುಜನರು ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಸಾಗಿ, ಹಣ ಕೊಟ್ಟು ಭೂಮಿ ಕೊಂಡು, ತೋಟ, ಗಿರಣಿ, ಮುರಬ್ಬದ ಕಾರಖಾನೆಗಳನ್ನು ಸಮಾನ ಒಡೆತನದಲ್ಲಿ ಕಟ್ಟಿದರು. 1938ರ ಸುಮಾರಿಗೆ ಸಾಲಗಾರರ ದಾವೆಗಳಿಂದ ಆ ಸಾಮೂಹಿಕ ಆಸ್ತಿಯೂ ಕೈಬಿಟ್ಟಿತು.

ಈಗ ಪ್ರಶ್ನೆಯಿರುವುದು ಉಳಿದ ಆಸ್ತಿಯ ವಿಷಯದಲ್ಲಿ. ಕ್ಯಾಸಲ್‌ಗಾರ್ ಪಟ್ಟಣದಲ್ಲಿ ಇವರ ವಸ್ತುಸಂಗ್ರಹಾಲಯವುಂಟು. ಸಭೆಗಳಲ್ಲಿ ರೊಟ್ಟಿ, ಉಪ್ಪು, ನೀರುಗಳನ್ನಿಟ್ಟು, ಎದುರಿಗಿದ್ದವನೊಳಗಿನ ದೇವರಿಗೆ ತಲೆಬಾಗುವ ಪದ್ಧತಿಯುಂಟು. ಇವೆಲ್ಲವೂ ಸ್ತುತ್ಯವೇ. ಆದರೆ ಇವರ ನಿಜವಾದ ಗ್ರಂಥಕ್ಕೆ 'ಜೀವಂತ ಪುಸ್ತಕ'ವೆಂದು ಹೆಸರು. ಅದು ವಾದ್ಯಗಳಿಲ್ಲದೆ ಹತ್ತಾರು ಕಂಠಗಳು ಕೂಡಿ ಹಾಡುವ ರಶಿಯನ್ ಕೀರ್ತನೆಗಳ ರೂಪದಲ್ಲಿ ತಾಯಿಯಿಂದ ಮಗುವಿಗೆ ಬಂದುದು. ಬೋಂಚ್-ಬ್ರುಯೇವಿಚ್ ಎಂಬ ವಿದ್ವಾಂಸನು 1909ರಲ್ಲಿ ಅದನ್ನು ಅಚ್ಚಿಗೆ ತಂದನು. ಅಚ್ಚಾದ ಪುಸ್ತಕವು ಕಪಾಟಿನಲ್ಲಿ ಉಳಿದೀತು. ಜೀವಂತ ಪುಸ್ತಕವು ಭಾಷೆಯುಳ್ಳ ನಾಲಗೆಯಲ್ಲಿ ಮಾತ್ರವೇ ಉಳಿಯುವುದು. ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಬೆಳೆದ ಮೊಮ್ಮಗನಿಗೆ ಅಜ್ಜಿಯ ಕೀರ್ತನೆಯು ರಾಗವಾಗಿ ಕೇಳುತ್ತದೆಯೇ ಹೊರತು ಉಪದೇಶವಾಗಿ ಕೇಳುವುದಿಲ್ಲ. ಭಾಷೆ ಹೋದ ಮೇಲೆ ಧರ್ಮವೊಂದೇ ಉಳಿಯುತ್ತದೆಂದು ನಂಬುವವರು ಇದನ್ನು ವಿಚಾರಿಸಲಿ.

ಹಾಗೆಂದು ಭಾಷೆಯೊಂದಿದ್ದರೆ ಸಾಕೆಂದೂ ನಾವು ಹೇಳಲಾರೆವು. ಇದೇ ಜನರಲ್ಲಿ 'ಸ್ವಾತಂತ್ರ್ಯಪುತ್ರ'ರೆಂಬ ಒಂದು ಸಣ್ಣ ಗುಂಪು ಹಾಡನ್ನೂ ಭಾಷೆಯನ್ನೂ ಬಿಡದಿದ್ದರೂ, ಶಾಲೆಗಳಿಗೂ ಮನೆಗಳಿಗೂ ಬೆಂಕಿಯಿಟ್ಟು ಅಹಿಂಸೆಯ ಹೆಸರಿಗೆ ಕಲಂಕ ತಂದಿತು. ಶಸ್ತ್ರಗಳನ್ನು ಸುಟ್ಟ ಬೆಂಕಿಗೂ ಶಾಲೆಯನ್ನು ಸುಟ್ಟ ಬೆಂಕಿಗೂ ಇರುವ ಅಂತರವನ್ನು ಮರೆತವರು ವಾರಸುದಾರರಾಗಲಾರರು. ಆದರೆ ಪ್ರಾಂತ ಸರಕಾರವು ಮಾಡಿದ ಪ್ರತೀಕಾರವೂ ನ್ಯಾಯವಾಗಿರಲಿಲ್ಲ. 1953ರಿಂದ 1959ರ ವರೆಗೆ ಸುಮಾರು 200 ಮಕ್ಕಳನ್ನು ತಾಯಿತಂದೆಗಳಿಂದ ಕಿತ್ತು ನ್ಯೂ ಡೆನ್ವರ್ ಎಂಬಲ್ಲಿ ಇಡಲಾಯಿತು. ತಂತಿಬೇಲಿಯ ಸಂದಿಯಿಂದ ತಾಯಂದಿರು ಮಕ್ಕಳನ್ನು ಮುಟ್ಟಬೇಕಾಯಿತು. ದೊಡ್ಡವರ ಅಪರಾಧಕ್ಕೆ ಮಕ್ಕಳಿಗೆ ಶಿಕ್ಷೆ ವಿಧಿಸುವುದು ಯಾವ ಧರ್ಮಶಾಸ್ತ್ರದ ನ್ಯಾಯವು? ಆ ಸರಕಾರವು ವಿಧಿಪೂರ್ವಕವಾಗಿ ಕ್ಷಮೆ ಕೇಳಿದುದು 2024ರಲ್ಲಿ.

ನಮಗೂ ಈ ಕಥೆಗೂ ಸಂಬಂಧವಿಲ್ಲದಿಲ್ಲ. ದುಖೋಬೋರರ ಪಕ್ಷ ವಹಿಸಿದ ಟಾಲ್‌ಸ್ಟಾಯರ ಹೆಸರಿನಿಂದಲೇ ಗಾಂಧೀಜಿಯವರು 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹಿಗಳ ವಸತಿಯನ್ನು ಸ್ಥಾಪಿಸಿದರು. ಅದೇ ಸತ್ಯಾಗ್ರಹದ ಮಾರ್ಗದಲ್ಲಿ ನಡೆದು, 1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರಗಳ ನಮ್ಮ ರೈತರು ಕರ ಕೊಡದೆ ಹೊಲಮನೆಗಳನ್ನು ಕಳೆದುಕೊಂಡರು. ಅವರ ವಾರಸೂ ಕೇವಲ ಹುಟ್ಟಿನಿಂದ ದಕ್ಕತಕ್ಕದ್ದಲ್ಲ.

ಹೊಲ, ಮನೆ, ದಾಗೀನುಗಳು ಮರಣಪತ್ರದಿಂದ ಮಕ್ಕಳಿಗೆ ಸಲ್ಲುತ್ತವೆ. ವ್ರತವು ಹಾಗೆ ಸಲ್ಲುವುದಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ತಾನೇ ಹೊಸದಾಗಿ ಹಿಡಿಯಬೇಕು. ದುಖೋಬೋರರ ತರುಣರು ಮೊದಲು ಅಜ್ಜಿಯರ ಭಾಷೆಯನ್ನು ಕಲಿಯಲಿ, ಅದರಲ್ಲಿ ಹಾಡಲಿ, ಯುದ್ಧದ ಕೂಗು ಎದ್ದಾಗ ಹಾಡಿದಂತೆ ನಡೆಯಲಿ. ಈ ಮೂರೂ ಕೂಡಿದರೆ ಸಂಖ್ಯೆಯು ಅಲ್ಪವೆಂಬ ಭಯಕ್ಕೆ ಕಾರಣವಿಲ್ಲ. 1895ರ ಆ ರಾತ್ರಿಯೂ ಅವರು ಅಲ್ಪಸಂಖ್ಯಾತರೇ ಆಗಿದ್ದರು.