ಡಾಕ್ಟರು ಕಂಪನಿ ಸೇರಿದರೆ ಯಾರಿಗೆ ನಷ್ಟ?

ಡಾಕ್ಟರಿಕೆ ಬಿಟ್ಟು ವೈದ್ಯಕೀಯ ಉಪಕರಣಗಳ ಕಂಪನಿ ಸೇರಿದವರ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ತೀರ್ಪುಗಳಿವೆ. ಊರಿನವರು ‘ಸರಕಾರಿ ಸೀಟ ಹಾಳ ಮಾಡಿದ’ ಅನ್ನುತ್ತಾರೆ. ಬೆಂಗಳೂರಿನವರು ‘ಇನ್ನೋವೇಟರ್ ಆದ’ ಅನ್ನುತ್ತಾರೆ. ಎರಡಕ್ಕೂ ನನ್ನ ತಕರಾರಿದೆ.

ಸಿಂದಗಿ ತಾಲ್ಲೂಕಿನ ಯಂಕಂಚಿ ನನ್ನೂರು. ನಾನು ಸಂಶೋಧನಾ ವಿದ್ಯಾರ್ಥಿ, ಮುಂದೆ ಹೆಸರಿಗೆ ‘ಡಾ.’ ಅಂಟಿಕೊಂಡರೂ ನಾಡಿ ನೋಡಲು ಬಾರದವನು. ನಾನು ಅಣ್ಣಾ ಎಂದು ಕರೆಯುವ ನಮ್ಮ ಕಡೆಯ ಡಾಕ್ಟರೊಬ್ಬರು ಕೆಲವು ವರ್ಷ ರೋಗಿಗಳನ್ನು ನೋಡಿ, ಈಗ ಉಪಕರಣ ಕಂಪನಿಯೊಂದರಲ್ಲಿದ್ದಾರೆ. ಜಾತ್ರೆಗೆ ಬಂದಾಗ ಹಿರಿಯರೊಬ್ಬರು, ‘ಸೂಜಿ ಮಾಡೂದ ಬಿಟ್ಟು ಮಷೀನ್ ಮಾರಾಕ ಹತ್ತೀಯಂತಲ್ಲೋ ತಮ್ಮಾ’ ಅಂದರು. ‘ಮಷೀನ್ ಬರೋಬ್ಬರಿ ಇಲ್ಲಂದ್ರ ನಾ ಇದ್ದು ಏನ್ ಮಾಡ್ಲಿ ಕಾಕಾ?’ ಅಂದರು ಇವರು. ಈ ಉತ್ತರವನ್ನು ನಾವು ಕೇಳಿಸಿಕೊಳ್ಳಬೇಕು.

ಹಾಗೆಂದು ಹಿರಿಯರ ಅನುಮಾನ ಸುಳ್ಳಲ್ಲ. ಡಾಕ್ಟರ ಮಾತನ್ನು ಡಾಕ್ಟರೇ ನಂಬುತ್ತಾರೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಈ ಮಾರುಕಟ್ಟೆಯಲ್ಲಿ ಬೆಲೆ ಎಲ್ಲಿಗೆ ಏರಬಲ್ಲದು ಎನ್ನುವುದಕ್ಕೆ ಹೃದಯದ ಸ್ಟೆಂಟ್ ಸಾಕ್ಷಿ. ಲಕ್ಷ ದಾಟಿ ಮಾರಾಟವಾಗುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಸರಕಾರವೇ 29,600 ರೂಪಾಯಿಯ ಮಿತಿ ಹಾಕಬೇಕಾಯಿತು. ಇಂಥ ಕಡೆ ಸರಕು ಸಾಗಿಸಲು ತನ್ನ ಪದವಿಯನ್ನು ಬಳಸುವವರನ್ನು ಇನ್ನೋವೇಟರ್ ಅನ್ನಬೇಡಿ. ಅದು ಮಾರಾಟದ ಕೆಲಸ.

ಆದರೆ ಡಾ. ಎಂ.ಎಸ್. ವಲಿಯತ್ತಾನ್ ಅವರನ್ನು ಏನೆನ್ನುತ್ತೀರಿ? ಮುಂದೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ಈ ಹೃದಯ ಶಸ್ತ್ರಚಿಕಿತ್ಸಕರು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಕೃತಕ ಹೃದಯಕವಾಟ ಮಾಡಲು ಕೂತರು. ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಬಡವರಿಗೆ ವಿದೇಶಿ ಕವಾಟ ಎಟುಕುತ್ತಿರಲಿಲ್ಲ. ಮೂರು ಮಾದರಿಗಳು ಸೋತವು. ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯನ ಎದೆಯೊಳಗೆ ಕೂತಿತು. ಅದನ್ನು ತಯಾರಿಸಿ ಮಾರಿದ್ದು ಟಿಟಿಕೆ ಕಂಪನಿಯೇ. ಕಂಪನಿ ಇಲ್ಲದೆ ಅದು ಲಕ್ಷ ಎದೆಗಳನ್ನು ತಲುಪುತ್ತಿರಲಿಲ್ಲ. ಆದರೆ ವಲಿಯತ್ತಾನ್ ಅದಕ್ಕಾಗಿ ಆಸ್ಪತ್ರೆ ಬಿಡಬೇಕಾಗಲಿಲ್ಲ, ಏಕೆಂದರೆ ಅಲ್ಲಿ ಆಸ್ಪತ್ರೆ ಮತ್ತು ಪ್ರಯೋಗಾಲಯ ಒಂದೇ ಸಂಸ್ಥೆಯ ಎರಡು ಅಂಗಗಳಾಗಿದ್ದವು.

ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಅವರದೂ ಇಂಥದೇ ದಾರಿ. ಗಂಟಲಿನ ಧ್ವನಿಪೆಟ್ಟಿಗೆ ಕಳೆದುಕೊಂಡವರು ಮತ್ತೆ ಮಾತಾಡಲು ಬೇಕಾದ ವಿದೇಶಿ ಸಾಧನಕ್ಕೆ ಸಾವಿರಾರು ರೂಪಾಯಿ. ಅವರು ಎಂಜಿನಿಯರ್ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ಸುಮಾರು 50 ರೂಪಾಯಿಯ ‘ಓಂ’ ಸಾಧನ ರೂಪಿಸಿದರು. ರೋಗಿಯ ಬಡತನ ಕಣ್ಣೆದುರಿಗಿದ್ದದ್ದರಿಂದಲೇ ಬೆಲೆಯೂ ವಿನ್ಯಾಸದ ಭಾಗವಾಯಿತು.

ನನ್ನ ಜಗಳ ಇರುವುದು ಇಲ್ಲಿ. ಒಂದೋ ರೋಗಿ, ಇಲ್ಲವೇ ಯಂತ್ರ ಎಂದು ಡಾಕ್ಟರನ್ನು ಆರಿಸಲು ಹಚ್ಚುವವರು ಯಾರು? ವಿಜಯಪುರದಲ್ಲಿ ಮೆಡಿಕಲ್ ಕಾಲೇಜುಗಳಿವೆ, ಎಂಜಿನಿಯರಿಂಗ್ ಕಾಲೇಜಿದೆ. ಏಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲು, ಧೂಳು, ಕಣ್ಣಾಮುಚ್ಚಾಲೆ ಆಡುವ ಕರೆಂಟು, ಯಂತ್ರಗಳಿಗೆ ಬೇಕಾದ ಅಗ್ನಿಪರೀಕ್ಷೆಯೆಲ್ಲ ಇಲ್ಲೇ ಇದೆ. ಇದನ್ನು ಬಲ್ಲ ಡಾಕ್ಟರು ವಾರಕ್ಕೆ ಎರಡು ದಿನ ವರ್ಕ್‌ಶಾಪಿನಲ್ಲಿ ಕೂತರೆ ಅದೂ ಸೇವೆಯೆಂದೇ ಲೆಕ್ಕವಾಗಲಿ. ಬಡ್ತಿಗೆ ಪ್ರಕಟಿತ ಲೇಖನಗಳನ್ನು ಎಣಿಸುವ ಹಾಗೆ, ಕೆಲಸಕ್ಕೆ ಬಂದ ಸಾಧನವನ್ನೂ ಎಣಿಸಲಿ. ಅದಾಗದೆ ಹೋದವರನ್ನು ದೂರುವ ಹಕ್ಕು ನಮಗಿಲ್ಲ.

ಹೋದವರಿಗೂ ಒಂದು ಮಾತು. ನಿಮ್ಮ ಕಂಪನಿಯ ಯಂತ್ರ ಸಿಂದಗಿಯ ಆಸ್ಪತ್ರೆಗೆ ಬಂದು, ಆರು ತಿಂಗಳಿಗೆ ಕೆಟ್ಟು ನಿಂತರೆ ರಿಪೇರಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ? ಮೀಟಿಂಗಿನಲ್ಲಿ ಈ ಪ್ರಶ್ನೆ ಕೇಳುವವರು ನೀವಾಗಿದ್ದರೆ ನೀವಿನ್ನೂ ಡಾಕ್ಟರೇ.